ಲೆಡ್ ಜೆಪ್ಲಿನ್‌ನ ಎರಡನೇ ಆಲ್ಬಂ ನನಗ್ಯಾಕೋ ಹತ್ತುತ್ತಿಲ್ಲ, ನಿಮಗೆ ಹೇಗೆ ಹತ್ತಿತು?

ಮೊದಲನೆಯದೇ ಸಾಕು

ಹೋದ ವರ್ಷ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಂ ಕೇಳಿ ಹುಚ್ಚು ಹಿಡಿಸಿಕೊಂಡವನು ನಾನು. ‘ಬೇಬ್ ಐ ಆಮ್ ಗೊನ್ನಾ ಲೀವ್ ಯೂ’, ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’... ಆ ಕತ್ತಲು, ಆ ಬಿಡುವು, ಮೆಲ್ಲಗೆ ಶುರುವಾಗಿ ಕೊನೆಗೆ ಮೈಮೇಲೆ ಬಂದು ಬೀಳೋ ರೀತಿ. ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಅದೇ ಹುಮ್ಮಸ್ಸಿನಲ್ಲಿ ಎರಡನೆಯದಕ್ಕೆ ಕೈ ಹಾಕಿದೆ. ಅವೇ ನಾಲ್ಕು ಜನ, ಬಂದದ್ದೂ ಅದೇ 1969ರಲ್ಲಿ. ಹಾರ್ಡ್ ರಾಕ್ ಅಂದ್ರೆ ಇದೇ ಅಂತ ಎಲ್ಲರೂ ಹೊಗಳೋದು ಬೇರೆ.

ನಾಲ್ಕು ಸಲ ಕೇಳಿದೆ. ಊಹೂಂ. ಮೊದಲ ಹಾಡಿನ ನಡುವೆ ಗಿಟಾರೂ ಇಲ್ಲ, ಮಾತೂ ಇಲ್ಲ, ಬರೀ ಯಾರೋ ನರಳುವ ಸದ್ದು, ಯಂತ್ರ ಕೆಟ್ಟ ಹಾಗೆ ಊಳಿಡುವ ಸದ್ದು. ಎಂಟನೆಯದರಲ್ಲಿ ಡ್ರಮ್ ಒಂದೇ ಮೂರು ನಿಮಿಷ. ಒಂದು ಹಾಡಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನಿಸ್ತದೆ, ಒಂದೊಂದು ಒಂದೊಂದು ಕೋಣೆಯಿಂದ ಬಂದ ಹಾಗಿದೆ. ಗಾಯಕ ಪ್ಲಾಂಟ್ ಮೊದಲ ಆಲ್ಬಮ್ಮಿನಲ್ಲಿ ಅಳ್ತಿದ್ದ, ಇಲ್ಲಿ ಬರೀ ಅರಚ್ತಾನೆ.

ಗೊತ್ತಿರೋರು ಹೇಳಿ: ಇದನ್ನ ಕೇಳೋದಕ್ಕೆ ಏನಾದ್ರೂ ದಾರಿ ಇದೆಯಾ? ಎಷ್ಟನೇ ಸಲಕ್ಕೆ ನಿಮಗೆ ಹಿಡಿಸಿತು? ಬೇರೆ ಬೇರೆ ಆವೃತ್ತಿಗಳಿವೆಯಂತೆ, ಯಾವುದು ಕೇಳಲಿ? ಅಥವಾ ಇದನ್ನ ಬಿಟ್ಟು ಮೂರನೆಯದಕ್ಕೆ ಹಾರಿದರೆ ತಪ್ಪೇ?

ಹಳೇ ಟೇಪು

ತಮ್ಮಾ, ಒಂದೊಂದು ಹಾಡು ಒಂದೊಂದು ಕೋಣೆಯಿಂದ ಬಂದ ಹಾಗಿದೆ ಅಂದ್ಯಲ್ಲ, ಅದು ನಿಜವಾಗಲೂ ಹಾಗೇ ಬಂದದ್ದು. ನಿನ್ನ ಕಿವಿ ಸರಿಯಾಗೇ ಇದೆ.

ಮೊದಲ ಆಲ್ಬಂ ಲಂಡನ್ನಿನ ಒಂದೇ ಸ್ಟುಡಿಯೋದಲ್ಲಿ, ಒಲಿಂಪಿಕ್‌ನಲ್ಲಿ, ಎಲ್ಲ ಸೇರಿ ಮೂವತ್ತಾರು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು ಅಂತ ಗಿಟಾರಿಸ್ಟ್ ಪೇಜ್ ಹೇಳ್ಕೊಂಡು ಬಂದಿದ್ದಾನೆ. ಹಾಡುಗಳನ್ನೂ ಮೊದಲೇ ವೇದಿಕೆ ಮೇಲೆ ಹದ ಮಾಡಿಕೊಂಡಿದ್ದರು. ಎರಡನೆಯದಕ್ಕೆ ಆ ಪುರುಸೊತ್ತೇ ಸಿಗಲಿಲ್ಲ. 1969 ಪೂರ್ತಿ ಅವರು ರಸ್ತೆ ಮೇಲೆ. ಅಮೆರಿಕಕ್ಕೇ ಮೇಲಿಂದ ಮೇಲೆ ಪ್ರವಾಸ. ಇವತ್ತು ರಾತ್ರಿ ಕಾರ್ಯಕ್ರಮ, ನಾಳೆ ಹಗಲು ಬಿಡುವಿದ್ದರೆ ಆ ಊರಲ್ಲಿ ಯಾವ ಸ್ಟುಡಿಯೋ ಖಾಲಿಯೋ ಅಲ್ಲಿಗೆ ಓಡೋದು, ತಾಳ ವಾದ್ಯ ಒಂದು ಕಡೆ, ಹಾಡಿದ್ದು ಇನ್ನೊಂದು ಕಡೆ, ಮೇಲೆ ಸೇರಿಸಿದ ಗಿಟಾರ್ ಮತ್ತೊಂದು ಕಡೆ. ಲಂಡನ್, ಲಾಸ್ ಏಂಜಲೀಸ್, ನ್ಯೂಯಾರ್ಕ್. ವ್ಯಾಂಕೂವರ್‌ನಲ್ಲಂತೂ ಒಂದು ಗುಡಿಸಲಿನಂಥ ಜಾಗ, ಸರಿಯಾದ ಹೆಡ್‌ಫೋನ್ ಕೂಡ ಇರಲಿಲ್ಲವಂತೆ. ಟೇಪಿನ ಪೆಟ್ಟಿಗೆ ಹೊತ್ತುಕೊಂಡು ಊರೂರು ತಿರುಗಿದ್ದಾರೆ.

ಇಷ್ಟೆಲ್ಲ ಚೂರುಗಳನ್ನ ಒಂದು ಮಾಡಿದವನು ಎಡ್ಡಿ ಕ್ರೇಮರ್, ಜಿಮಿ ಹೆಂಡ್ರಿಕ್ಸ್ ಜೊತೆ ಕೆಲಸ ಮಾಡಿದ ಎಂಜಿನಿಯರ್. ಅವನೂ ಪೇಜ್‌ನೂ ನ್ಯೂಯಾರ್ಕಿನಲ್ಲಿ ಒಂದು ವಾರಾಂತ್ಯ ಕೂತು ಮಿಕ್ಸ್ ಮಾಡಿ ಮುಗಿಸಿದರು. ನೀನು ಯಂತ್ರ ಕೆಟ್ಟ ಸದ್ದು ಅಂದ್ಯಲ್ಲ, ‘ಹೋಲ್ ಲಾಟಾ ಲವ್’ ನಡುವಿನ ಭಾಗ, ಅದು ಥೆರಮಿನ್ ಅನ್ನೋ ವಾದ್ಯ. ಕೈ ತಾಗಿಸದೆ, ಗಾಳಿಯಲ್ಲಿ ಕೈ ಆಡಿಸಿ ನುಡಿಸೋದು. ಅದರ ಸದ್ದನ್ನ ಹಿಡಿದು ಇಬ್ಬರೂ ಒಂದು ಚಿಕ್ಕ ಮಿಕ್ಸಿಂಗ್ ಮೇಜಿನ ಮುಂದೆ ನಿಂತು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ತಿರುಗಿಸಿದ್ದಾರೆ. ಅದನ್ನ ಹಾಡಿನ ಭಾಗ ಅಂತ ಕೇಳಬೇಡ. ಇಬ್ಬರು ಆಡ್ತಾ ಇದ್ದಾರೆ ಅಂತ ಕೇಳು.

ನನ್ನ ಕಥೆ ಹೇಳ್ತೀನಿ. ನನಗೆ ಈ ಆಲ್ಬಂ ಸಿಕ್ಕಿದ್ದು ಗೆಳೆಯನೊಬ್ಬ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟಾಗ. ಮೊದಲ ಬದಿಯ ಕೊನೇ ಹಾಡು ‘ಥ್ಯಾಂಕ್ ಯೂ’. ಪ್ಲಾಂಟ್ ತನ್ನ ಹೆಂಡತಿಗಾಗಿ ಬರೆದ ಹಾಡು, ಅವನು ಪೂರ್ತಿ ತಾನೇ ಸಾಹಿತ್ಯ ಬರೆದ ಮೊದಲ ಹಾಡೂ ಹೌದು. ಕೊನೆಯಲ್ಲಿ ಜಾನ್ ಪಾಲ್ ಜೋನ್ಸ್‌ನ ಆರ್ಗನ್ ಮೆಲ್ಲಮೆಲ್ಲಗೆ ಆರಿಹೋಗ್ತದೆ. ನಮ್ಮ ಗೆಳೆಯ ಪುಣ್ಯಾತ್ಮ, ಹಾಡು ಮುಗೀತು ಅಂದ್ಕೊಂಡು ಅಲ್ಲೇ ಟೇಪು ನಿಲ್ಲಿಸಿದ್ದಾನೆ. ಹದಿನಾಲ್ಕು ವರ್ಷ ನಾನು ಆ ಹಾಡು ಅಲ್ಲಿಗೇ ಮುಗಿಯೋದು ಅಂತಲೇ ತಿಳಿದಿದ್ದೆ. ಆಮೇಲೊಂದು ದಿನ ಸೀಡಿ ತಂದು ಹಾಕಿ, ಆ ಮೌನ ಬಂದಾಗ ಎದ್ದು ಬಾಗಿಲ ಹತ್ತಿರ ಹೋಗಿದ್ದೀನಿ, ಹಿಂದಿನಿಂದ ಆರ್ಗನ್ ತಿರುಗಿ ಬಂತು. ಸತ್ತವರು ಎದ್ದು ಕೂತ ಹಾಗಾಯ್ತು. ಬಾಗಿಲ ಚಿಲಕ ಹಿಡಿದುಕೊಂಡೇ ಕೊನೇವರೆಗೂ ಕೇಳಿದೆ.

ಪ್ಲಾಂಟ್ ಬರೀ ಅರಚ್ತಾನೆ ಅಂತೀಯಲ್ಲ, ಆ ಹಾಡು ಒಂದು ಸಲ ಕೇಳಿ ಆಮೇಲೆ ಹೇಳು.

ಕೆಳಸ್ಥಾಯಿ

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ಯಾವುದರಲ್ಲಿ ಕೇಳಿದ್ರಿ ಮಾರಾಯ್ರೆ?

ಮೊದಲನೆಯದೇ ಸಾಕು

ಆಫೀಸಿನಲ್ಲಿ, ಇಯರ್‌ಬಡ್‌ನಲ್ಲಿ. ಯಾರಾದ್ರೂ ಕರೆದರೆ ಕೇಳಿಸಲಿ ಅಂತ ಒಂದೇ ಕಿವಿಗೆ.

ಕೆಳಸ್ಥಾಯಿ

ಒಂದೇ ಕಿವಿಗೆ!

ನೀವು ಕೇಳಿದ್ದು ಅರ್ಧ ಆಲ್ಬಂ. ಮಾತಿಗೆ ಹೇಳಿದ್ದಲ್ಲ, ಲೆಕ್ಕದ ಪ್ರಕಾರವೇ ಅರ್ಧ. ಎರಡು ಕಿವಿಯ ನಡುವೆ ಸದ್ದನ್ನು ಓಡಿಸಿ ಆಟ ಆಡಿದ ರೆಕಾರ್ಡ್ ಇದು. ‘ವಾಟ್ ಈಸ್ ಅಂಡ್ ವಾಟ್ ಶುಡ್ ನೆವರ್ ಬಿ’ ಕೊನೆಯಲ್ಲಿ ಗಿಟಾರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗೀತದೆ, ಚೆಂಡು ಎಸೆದ ಹಾಗೆ. ಒಂದೇ ಕಿವಿಯಲ್ಲಿ ಕೇಳಿದವನಿಗೆ ಗಿಟಾರಿಸ್ಟ್ ಆಗಾಗ ಎದ್ದು ಹೊರಗೆ ಹೋಗಿ ಬಂದ ಹಾಗೆ ಕೇಳಿಸಿರಬೇಕು. ಮೊದಲ ಹಾಡಿನ ನಡುವಿನ ಗಲಾಟೆಯೂ ಅಷ್ಟೇ, ಅದು ತಲೆಯ ಒಳಗೆ ಸುತ್ತಬೇಕು.

ಇನ್ನು ನನ್ನ ಮಾತು ಬೇಸ್, ಅಂದರೆ ಕೆಳಗಿನ ಸ್ವರದ ಗಿಟಾರ್ ಬಗ್ಗೆ. ನಾನು ಬೇಸ್ ಬಾರಿಸ್ತೇನೆ, ಚಿಕ್ಕ ಬ್ಯಾಂಡಿನಲ್ಲಿ, ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಚಿಕ್ಕ ಇಯರ್‌ಬಡ್‌ಗಳಲ್ಲಿ ಕೆಳಗಿನ ಸ್ವರ ಸೋರಿ ಹೋಗ್ತದೆ. ಬೇಸ್ ಬಾರಿಸುವ ಜೋನ್ಸ್ ಇಲ್ಲದ ಜೆಪ್ಲಿನ್ ಅಂದರೆ ಅಡಿಪಾಯ ಇಲ್ಲದ ಮನೆ. ನಿಮಗೆ ಅರಚಾಟ ಮಾತ್ರ ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ, ಅರಚಾಟ ಮೇಲೆ ಇರ್ತದೆ.

ಹೀಗೆ ಮಾಡಿ. ರಾತ್ರಿ ಒಂದು ಹೊತ್ತಲ್ಲಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ‘ರ್‍ಯಾಂಬಲ್ ಆನ್’ ಒಂದನ್ನೇ ಹಾಕಿ. ಪ್ಲಾಂಟ್ ಏನು ಹಾಡ್ತಾನೆ ಅಂತ ಕೇಳಲೇಬೇಡಿ. ಗಿಟಾರ್ ಮೆಲ್ಲಗೆ ಕೆರೀತಾ ಶುರುವಾಗ್ತದೆ. ಬೇಸ್ ಮೇಲೆ ಹತ್ತಿ, ಅಲ್ಲೇ ಒಂದು ಚಿಕ್ಕ ಹಾಡು ಹೇಳಿ, ಕೆಳಗೆ ಇಳೀತದೆ. ಅದು ತಾಳಕ್ಕೆ ಒತ್ತು ಕೊಡುವ ಬೇಸ್ ಅಲ್ಲ, ಎರಡನೇ ಗಾಯಕ. ನಂತರ ಜೋರು ಭಾಗ ಬಂದಾಗ ಅದೇ ಬೇಸ್ ಮೊಂಡಾಗಿ ನೆಲಕ್ಕೆ ಕಚ್ಚಿ ಕೂರ್ತದೆ. ಒಂದೇ ಹಾಡಿನಲ್ಲಿ ಎರಡು ಬೇರೆ ಮನುಷ್ಯರು ಬಾರಿಸಿದ ಹಾಗೆ.

ಅದು ಹಿಡಿಸಿದರೆ ‘ದಿ ಲೆಮನ್ ಸಾಂಗ್’ಗೆ ಹೋಗಿ. ಹಾಲಿವುಡ್‌ನ ಮಿಸ್ಟಿಕ್ ಅನ್ನುವ ಪುಟ್ಟ ಸ್ಟುಡಿಯೋದಲ್ಲಿ ಹೆಚ್ಚುಕಮ್ಮಿ ನೇರವಾಗಿ ಬಾರಿಸಿ ಹಿಡಿದದ್ದು. ಆರು ನಿಮಿಷ ಚಿಲ್ಲರೆ. ಅದರಲ್ಲಿ ಜೋನ್ಸ್ ಬಾರಿಸಿದ್ದು ಬಹುಪಾಲು ಅಲ್ಲೇ ಕೈಗೆ ಬಂದದ್ದು, ಬರೆದಿಟ್ಟದ್ದಲ್ಲ. ನಾನು ಅದನ್ನು ಕಲೀಲಿಕ್ಕೆ ಒಂದು ಮಳೆಗಾಲ ಪೂರ್ತಿ ತೆಗೆದುಕೊಂಡಿದ್ದೇನೆ. ಈಗಲೂ ನಡುವೆ ಒಂದು ಕಡೆ ಬೆರಳು ಸಿಕ್ಕಿಹಾಕಿಕೊಳ್ತದೆ.

ಬರೀ ಬ್ಲೂಸ್

ಎಲ್ಲರೂ ಆರತಿ ಎತ್ತುತ್ತಿದ್ದೀರಿ, ನಾನೊಂದು ಅಪಸ್ವರ ಹಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ಹಳೇ ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ಹಾಡು, ಕೇಳ್ತಾ ಬೆಳೆದವಳು. ಈ ಆಲ್ಬಂ ನನ್ನ ಕೈಗೆ ಬಂದದ್ದು ಆಮೇಲೆ. ಮೊದಲ ಹಾಡು ಶುರುವಾಗಿ ಪ್ಲಾಂಟ್ ಬಾಯಿ ಬಿಟ್ಟ ಕೂಡಲೇ, ‘ಅಯ್ಯೋ, ಇದು ಮಡ್ಡಿ ವಾಟರ್ಸ್ ಹಾಡಲ್ವಾ’ ಅಂದೆ. 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ‘ಯೂ ನೀಡ್ ಲವ್’, ಬರೆದವನು ವಿಲ್ಲಿ ಡಿಕ್ಸನ್. ಜೆಪ್ಲಿನ್ ರೆಕಾರ್ಡಿನ ಮೇಲೆ ಅವನ ಹೆಸರಿರಲಿಲ್ಲ. 1985ರಲ್ಲಿ ಡಿಕ್ಸನ್ ಮೊಕದ್ದಮೆ ಹೂಡಿದ, ಎರಡು ವರ್ಷದ ಮೇಲೆ ನ್ಯಾಯಾಲಯದ ಹೊರಗೆ ರಾಜಿಯಾಯ್ತು, ಹೆಸರೂ ಸೇರಿತು. ‘ದಿ ಲೆಮನ್ ಸಾಂಗ್’ ಹೌಲಿನ್ ವುಲ್ಫ್‌ನ ‘ಕಿಲ್ಲಿಂಗ್ ಫ್ಲೋರ್’ ಮೇಲೆ ಕಟ್ಟಿದ್ದು, ಅದಕ್ಕೂ ಜಗಳವಾಗಿ ರಾಜಿ. ಕೊನೇ ಹಾಡು ‘ಬ್ರಿಂಗ್ ಇಟ್ ಆನ್ ಹೋಮ್’ ಶುರುವಾಗೋದು ಮತ್ತೆ ಡಿಕ್ಸನ್ನನದೇ ಹಾಡಿನಿಂದ, ಸನ್ನಿ ಬಾಯ್ ವಿಲಿಯಮ್ಸನ್ ಹಾಡಿದ್ದು. ಪ್ಲಾಂಟ್ ಅಲ್ಲಿ ಹಾರ್ಮೋನಿಕಾ ಊದಿಕೊಂಡು ಮುದುಕನ ದನಿ ಮಾಡ್ತಾನೆ. ಒಂಬತ್ತು ಹಾಡಿನಲ್ಲಿ ಮೂರು ಹೀಗೆ.

ಬ್ಲೂಸ್‌ನಲ್ಲಿ ಒಬ್ಬರದು ಇನ್ನೊಬ್ಬರು ತಗೊಳ್ಳೋದು ಇದ್ದದ್ದೇ, ಅದರ ಮೇಲೆ ನನಗೆ ತಕರಾರಿಲ್ಲ. ತಗೊಂಡದ್ದನ್ನ ಹೇಳದೆ ಇದ್ದದ್ದಕ್ಕೆ ತಕರಾರು. ಅಷ್ಟು ದೊಡ್ಡ ಹಣ ಬಂದ ಮೇಲಾದ್ರೂ ತಾವಾಗೇ ಹೇಳಬಹುದಿತ್ತು.

ಹಾಗಂತ ಕೇಳಬೇಡಿ ಅಂತ ಹೇಳಲ್ಲ. ಮೊದಲು ಮೂಲದ ಮೂರು ಹಾಡು ಕೇಳಿ, ಒಟ್ಟು ಹತ್ತು ನಿಮಿಷದೊಳಗೆ ಮುಗಿಯುತ್ತೆ. ಆಮೇಲೆ ಈ ಆಲ್ಬಂ ಹಾಕಿ. ನಿಮಗೆ ಮೊದಲ ಆಲ್ಬಂ ಹಿಡಿಸಿದ್ದು ಬ್ಲೂಸಿನ ಅಳುವಿನಿಂದ. ಎರಡನೆಯದರಲ್ಲಿ ಅಳು ಹೋಗಿದೆ ಅಂತ ಅಲ್ವಾ ನಿಮ್ಮ ದೂರು? ಮೂಲ ಕೇಳಿ ಬಂದರೆ ಅವರು ಏನನ್ನ ಬಿಟ್ಟರು, ಅದರ ಜಾಗದಲ್ಲಿ ಏನು ತುಂಬಿದರು ಅನ್ನೋದು ತಾನಾಗೇ ಕಾಣುತ್ತೆ. ನನಗೆ ಕಂಡದ್ದು ಇಷ್ಟು: ವುಲ್ಫ್ ಒಬ್ಬ ಮನುಷ್ಯನ ಸಂಕಟ ಹಾಡ್ತಾನೆ. ಇವರು ನಾಲ್ಕು ಹುಡುಗರ ಮೈಬಿಸಿ ಬಾರಿಸ್ತಾರೆ. ಎರಡೂ ಸುಳ್ಳಲ್ಲ. ಆದರೆ ನನ್ನ ಓಟು ವುಲ್ಫ್‌ಗೆ.

ಹಳೇ ಟೇಪು

ತಂಗೀ, ನೀನು ಹೇಳಿದ್ದರಲ್ಲಿ ಒಂದಕ್ಷರ ತೆಗೆಯೋ ಹಾಗಿಲ್ಲ. ಒಂದು ಮಾತ್ರ ಸೇರಿಸ್ತೀನಿ. ‘ಬ್ರಿಂಗ್ ಇಟ್ ಆನ್ ಹೋಮ್’ನ ಆ ಮುದುಕನ ದನಿ ಮುಗಿದು ಗಿಟಾರ್ ಒಡೆದುಕೊಂಡು ಬರೋ ಜಾಗದಿಂದ ಮುಂದಿನದೆಲ್ಲ ಅವರದೇ. ಕಟ್ಟಿದ ಮನೆಗೆ ಬಾಗಿಲು ಮಾತ್ರ ಪಕ್ಕದ ಮನೆಯದು.

ಬರೀ ಬ್ಲೂಸ್

ಬಾಗಿಲು ಕದ್ದರೂ ಕಳ್ಳತನವೇ ಅಣ್ಣ :)

ತಾಳತಪ್ಪಿ

ನೋಡ್ರಿ, ನಾ ಡ್ರಮ್ ಬಾರಸಾಂವ. ಆ ಎಂಟನೇ ಹಾಡು ‘ಮೋಬಿ ಡಿಕ್’ ಬಗ್ಗೆ ಯಾರೂ ಬಾಯಿ ಬಿಡವಲ್ರು, ಅದಕ್ಕ ನಾನ ಬರೀತೀನಿ.

ಬರೀ ಡ್ರಮ್ ಐತಿ ಅಂತ ಹಾರಿಸಿಬಿಟ್ಟೀರಿ. ಹಾರಿಸಿದ್ರ ಪಾಪೇನೂ ಬರಂಗಿಲ್ಲ, ಮನಿಯೊಳಗ ಕೂತು ಡ್ರಮ್ ಸೋಲೋ ಕೇಳೂದು ಎಲ್ಲಾರ ಕೆಲಸಾನೂ ಅಲ್ಲ. ಆದ್ರ ಒಂದ ಸಲ, ಒಂದ ಸಲ ಮಾತ್ರ, ಹಿಂಗ ಕೇಳ್ರಿ. ಮೊದಲ ಗಿಟಾರು ಬೇಸು ಕೂಡಿ ಒಂದು ದಪ್ಪನ ರಿಫ್, ಅಂದ್ರ ತಿರುಗಿ ತಿರುಗಿ ಬರೂ ತುಣುಕು, ಬಾರಸ್ತಾರ. ಆಮ್ಯಾಲ ಎಲ್ಲಾರೂ ಸುಮ್ಮನಾಗ್ತಾರ. ಡ್ರಮ್ಮಿನ ಬಾನಮ್ ಒಬ್ಬನ. ಒಂದೀಟು ಹೊತ್ತಿಗೆ ಸದ್ದಿನ ಬಣ್ಣ ಬದಲ ಆಗ್ತದ, ಚೂಪು ಹೋಗಿ ಮೆತ್ತಗ ಆಗ್ತದ. ಆವಾಗ ಅಂವ ಕೋಲು ಬಿಟ್ಟು ಬರಿಗೈಲೆ ಬಡ್ಯಾಕ ಹತ್ಯಾನ. ಅಂಗೈ ಚರ್ಮಕ್ಕ ಬೀಳೂದು ಕಿವಿಗೆ ಗೊತ್ತಾಗ್ತದ್ರಿ. ನಮ್ಮ ತಬಲಾ ಕೇಳಿ ರೂಢಿ ಇದ್ದವರಿಗಂತೂ ಬ್ಯಾರೆ ಹೇಳಬೇಕಿಲ್ಲ. ಕಾರ್ಯಕ್ರಮದಾಗ ಇದನ್ನ ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಅರ್ಧ ತಾಸು ಎಳೀತಿದ್ದ. ರೆಕಾರ್ಡಿನ್ಯಾಗ ಇರೂದು ಕತ್ತರಿಸಿ ಜೋಡಿಸಿದ ತುಣುಕು.

ಖರೆ ಹೇಳ್ಬೇಕಂದ್ರ ಬಾನಮ್ಮನ ಚಲೋ ಕೆಲಸ ಇರೂದು ಅಲ್ಲಲ್ಲ. ‘ಹೋಲ್ ಲಾಟಾ ಲವ್’ ನಡುವಿನ ಆ ಗದ್ದಲದಾಗ, ನಿಮಗ ಬ್ಯಾಸರ ಬಂದ ಆ ಭಾಗದಾಗ, ಎಲ್ಲಾ ತೇಲಾಡ್ಲಿಕತ್ತಿದ್ರೂ ಹಿಂದ ಸಿಂಬಲ್ ಟಿಸ್ ಟಿಸ್ ಅಂತ ಕಾಲ ಹಿಡಿದುಕೊಂಡು ನಿಂತಿರ್ತದ. ಅದಕ್ಕ ಕಿವಿ ಕೊಟ್ಟು ಕೂಡ್ರಿ. ಉಳಿದದ್ದೆಲ್ಲ ಏನರ ಆಗ್ಲಿ. ಕಡೀಕ ಅಂವ ಡ್ರಮ್ ಮ್ಯಾಲ ಒಂದ ಏಟು ಹಾಕಿ ಎಲ್ಲಾರನ್ನೂ ಎಬ್ಬಸ್ತಾನ, ಆವಾಗ ಪೇಜ್ ಒಳಗ ನುಗ್ಗತಾನ. ಆ ಏಟಿಗಾಗಿ ಕಾಯಾಕ ಕಲತ್ರ ಆ ಹಾಡು ನಿಮ್ಮದಾತು.

ಮತ್ತೊಂದು. ‘ರ್‍ಯಾಂಬಲ್ ಆನ್’ ಮೊದಲಿಗೆ ಡ್ರಮ್ ಇಲ್ಲ, ಟಪಟಪ ಅನ್ನೂದು ಏನೋ ಒಂದು. ಗಿಟಾರಿನ ಪೆಟ್ಟಿಗಿ ಅಂತಾರ, ಕಸದ ಡಬ್ಬಿ ಅಂತಾರ, ಕೂಡೂ ಸ್ಟೂಲು ಅಂತಾರ. ನಾ ಮೂರೂ ಬಡದು ನೋಡೀನಿ. ಸ್ಟೂಲಿಗೆ ನನ್ನ ಓಟು.

ಗಿರಗಿರ ತಟ್ಟೆ

ಆವೃತ್ತಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಗೊತ್ತಿರುವುದು ಬರೆಯುತ್ತೇನೆ.

ರೆಕಾರ್ಡ್ ಹುಡುಕುವವರ ನಡುವೆ ಈ ಆಲ್ಬಮ್ಮಿನ ಮೊದಲ ಅಮೆರಿಕನ್ ಮುದ್ರಣದ ಬಗ್ಗೆ ದೊಡ್ಡ ದಂತಕಥೆಯೇ ಇದೆ. ಅದರ ಸದ್ದನ್ನು ತಟ್ಟೆಯ ಗೀರುಗಳಾಗಿ ಕೆತ್ತಿದವನು ಬಾಬ್ (ರಾಬರ್ಟ್) ಲಡ್‌ವಿಗ್. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಅವನ ಹೆಸರಿನ ಎರಡು ಇಂಗ್ಲಿಷ್ ಅಕ್ಷರ ಗೀಚಿರುತ್ತದೆ, ಆರ್ ಮತ್ತು ಎಲ್. ಬೇಸ್ ಅನ್ನು ಎಷ್ಟು ಜೋರಾಗಿ ಕೆತ್ತಿದ್ದನೆಂದರೆ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಜಿಗಿಯುತ್ತಿತ್ತಂತೆ. ಅಟ್ಲಾಂಟಿಕ್ ಸಂಸ್ಥೆಯ ಮುಖ್ಯಸ್ಥ ಅಹ್ಮೆತ್ ಎರ್ಟೆಗುನ್‌ನ ಮಗಳ ಪ್ಲೇಯರಿನಲ್ಲೂ ಹಾಗೇ ಆಗಿ, ಅದನ್ನು ಹಿಂತೆಗೆದು ಸದ್ದು ತಗ್ಗಿಸಿ ಮತ್ತೆ ಕೆತ್ತಿಸಿದರು ಎಂಬುದು ಕಥೆ. ಒಮ್ಮೆ ಒಬ್ಬರ ಮನೆಯಲ್ಲಿ ಅದನ್ನು ಕೇಳುವ ಭಾಗ್ಯ ನನ್ನದಾಗಿತ್ತು. ‘ಹಾರ್ಟ್‌ಬ್ರೇಕರ್’ ಶುರುವಾದಾಗ ಎದೆಯೊಳಗೆ ಯಾರೋ ಮೇಜು ಸರಿಸಿದ ಹಾಗಾಯಿತು.

ಹಾಗಂತ ಅದರ ಹಿಂದೆ ಬೀಳಬೇಡಿ. ಆಲ್ಬಂ ಇನ್ನೂ ಹಿಡಿಸದವನು ಅದಕ್ಕೆ ದುಡ್ಡು ಸುರಿಯುವುದು ಮದುವೆಗೆ ಮುಂಚೆ ತೊಟ್ಟಿಲು ತಂದ ಹಾಗೆ. ನಾನು ಹಾಗೆ ಮಾಡಿ ಮೋಸ ಹೋಗಿದ್ದೇನೆ ಕೂಡ, ಫೋಟೋದಲ್ಲಿ ಆ ಎರಡಕ್ಷರ ತೋರಿಸಿದ ಮಾರಾಟಗಾರ ಕಳಿಸಿದ್ದು ಬೇರೆಯದೇ ಪ್ರತಿ. 2014ರಲ್ಲಿ ಪೇಜ್ ತಾನೇ ಕೂತು ಹೊಸದಾಗಿ ಹೊರತಂದದ್ದು ಎಲ್ಲ ಕಡೆ ಸಿಗುತ್ತದೆ, ಧಾರಾಳ ಸಾಕು.

ಅದರ ಜೊತೆ ಇನ್ನೊಂದು ಡಿಸ್ಕ್ ಇದೆ, ನಿಮಗೆ ನಿಜವಾಗಿ ಉಪಯೋಗವಾಗುವುದು ಅದೇ. ಇದೇ ಹಾಡುಗಳ ಹಸಿ ರೂಪಗಳು. ‘ಥ್ಯಾಂಕ್ ಯೂ’ ಹಾಡುಗಾರಿಕೆ ಇಲ್ಲದೆ, ಬರೀ ವಾದ್ಯ. ‘ಹೋಲ್ ಲಾಟಾ ಲವ್’ ಇನ್ನೂ ಬಟ್ಟೆ ತೊಡದ ಸ್ಥಿತಿಯಲ್ಲಿ, ಪ್ಲಾಂಟ್ ಬೇರೆಯದೇ ರೀತಿಯಲ್ಲಿ ಹಾಡಿದ್ದಾನೆ. ಆ ಮೂಲಕ ಹೋದರೆ ಮುಗಿದ ಹಾಡಿನಲ್ಲಿ ಯಾವುದರ ಮೇಲೆ ಯಾವುದನ್ನು ಹೇರಿದ್ದಾರೆ ಎಂದು ತಿಳಿಯುತ್ತದೆ. ಅಡುಗೆಮನೆ ನೋಡಿ ಊಟಕ್ಕೆ ಕೂತ ಹಾಗೆ.

ಕವರ್ ನೋಡಿದ್ದೀರಾ? ಕಂದು ಬಣ್ಣದ ಆ ಚಿತ್ರ ಮೊದಲ ಮಹಾಯುದ್ಧದ ಜರ್ಮನ್ ವಿಮಾನ ದಳದ ಫೋಟೋ, ಮುಖಗಳನ್ನು ಕಿತ್ತು ಬ್ಯಾಂಡಿನವರ ಮುಖ ಅಂಟಿಸಿದ್ದು. ಕಲಾವಿದ ಡೇವಿಡ್ ಜ್ಯೂನಿಪರ್. ಆಲ್ಬಮ್ಮೂ ಹಾಗೆಯೇ ಅಲ್ಲವೇ, ಹಳೆಯ ಮೈ, ಹೊಸ ಮುಖ. ಮೇಲೆ ಬ್ಲೂಸ್ ಮೇಡಂ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗುತ್ತದೆ.

ಆರು ತಂತಿ

ಗುರುಗಳೇ, ಗಿಟಾರಿನ ಪಾಲಿನದು ನನ್ನದು. ‘ಹಾರ್ಟ್‌ಬ್ರೇಕರ್’ ನಡುವೆ ಎಲ್ಲರೂ ನಿಂತುಬಿಡ್ತಾರೆ, ಪೇಜ್ ಒಬ್ಬನೇ ಬಾರಿಸ್ತಾನೆ. ಮೊದಲ ಸಲ ಕೇಳಿದಾಗ ನನ್ನ ಫೋನ್ ಕೈಕೊಟ್ಟಿತೇನೋ ಅಂದ್ಕೊಂಡೆ. ಸದ್ದೇ ಬದಲಾಗಿಬಿಡುತ್ತೆ. ಯಾಕಂದ್ರೆ ಆ ಸೋಲೋ ಹಿಡಿದದ್ದು ಬೇರೆ ಸ್ಟುಡಿಯೋದಲ್ಲಿ, ಹಾಡು ಮುಗಿದ ಮೇಲೆ ತಂದು ನಡುವೆ ತುರುಕಿದ್ದು. ಶ್ರುತಿಯೂ ಒಂದು ಕೂದಲೆಳೆ ಮೇಲಿದೆ. ಜೊತೆಗೆ ಬಾರಿಸ್ತಾ ಕಲಿಯೋಕೆ ಹೋದೋರಿಗೆ ಅಲ್ಲಿ ಬಂದಾಗ ತಲೆ ಕೆಡುತ್ತೆ, ತಮ್ಮ ಗಿಟಾರೇ ಶ್ರುತಿ ತಪ್ಪಿತು ಅಂತ ಬಿರಡೆ ತಿರುಗಿಸೋಕೆ ಶುರು ಮಾಡ್ತಾರೆ. ನಾನೂ ಮಾಡಿದೀನಿ.

ಸೋಲೋ ನೀಟಾಗೇನೂ ಇಲ್ಲ. ಎಡವುತ್ತೆ, ಓಡುತ್ತೆ, ಬೀಳೋ ಹಾಗೆ ಹೋಗಿ ಬೀಳಲ್ಲ. ಇವತ್ತಿನ ಹುಡುಗರು ಇದಕ್ಕಿಂತ ಹತ್ತು ಪಟ್ಟು ಶುದ್ಧವಾಗಿ ಬಾರಿಸ್ತಾರೆ, ಕೇಳಿ ಮರೀತೀವಿ.

ಇನ್ನೊಂದು ವ್ಯತ್ಯಾಸ, ಮೊದಲ ಆಲ್ಬಮ್ಮಿನಲ್ಲಿ ಪೇಜ್ ಬಾರಿಸಿದ್ದು ಹೆಚ್ಚಾಗಿ ಟೆಲಿಕಾಸ್ಟರ್ ಅನ್ನೋ ಗಿಟಾರ್. 1969ರಲ್ಲಿ ಗಿಟಾರಿಸ್ಟ್ ಜೋ ವಾಲ್ಷ್ ಹತ್ರ ಲೆಸ್ ಪಾಲ್ ಅನ್ನೋ ಇನ್ನೊಂದು ಥರದ ಗಿಟಾರ್ ಕೊಂಡ. ನಿಮಗೆ ಕಳೆದುಹೋಯ್ತು ಅನ್ನಿಸಿದ ಆ ಕತ್ತಲು, ತೆಳ್ಳಗಿನ ಚೂಪು, ಅದರಲ್ಲಿ ಗಿಟಾರ್ ಬದಲಾದದ್ದರ ಪಾಲೂ ಇದೆ ಅಂತ ನನ್ನ ಗುಮಾನಿ. ಇಲ್ಲಿ ದನಿ ದಪ್ಪ.

‘ಲಿವಿಂಗ್ ಲವಿಂಗ್ ಮೇಡ್’ ಹಾರಿಸಿ. ಪೇಜ್‌ಗೇ ಅದು ಇಷ್ಟ ಇರಲಿಲ್ಲ, ಜೆಪ್ಲಿನ್ ವೇದಿಕೆ ಮೇಲೆ ಅದನ್ನ ಪೂರ್ತಿಯಾಗಿ ಯಾವತ್ತೂ ಬಾರಿಸಲಿಲ್ಲ.

ನಿದ್ದೆಗೇಡಿ

ನನ್ನದು ಚಿಕ್ಕ ಉತ್ತರ. ಇಪ್ಪತ್ತು ವರ್ಷದಿಂದ ಈ ಬ್ಯಾಂಡ್ ಕೇಳ್ತಿದೀನಿ, ಎರಡನೆಯದು ಇವತ್ತಿಗೂ ಹಿಡಿಸಿಲ್ಲ. ಒಳ್ಳೆ ಹೆಡ್‌ಫೋನ್, ದೊಡ್ಡ ಸ್ಪೀಕರ್, ಕತ್ತಲ ಕೋಣೆ, ಎಲ್ಲ ಆಯ್ತು. ಬಂದಾಗಲೇ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಜಾನ್ ಮೆಂಡೆಲ್‌ಸನ್ ಇದನ್ನ ಗೇಲಿ ಮಾಡಿ ಬರೆದಿದ್ದ. ಜನ ಅವನ ಮಾತು ಕೇಳಲಿಲ್ಲ ಅನ್ನಿ, ಆ ಡಿಸೆಂಬರ್‌ನಲ್ಲಿ ಬೀಟಲ್ಸ್‌ನ ‘ಆಬಿ ರೋಡ್’ ಅನ್ನ ಕೆಳಗಿಳಿಸಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬಂತು. ಆದ್ರೆ ಜನ ಕೊಂಡದ್ದೆಲ್ಲ ನಮಗೂ ಹಿಡಿಸಬೇಕು ಅಂತ ಎಲ್ಲಿದೆ. ನಿಮ್ಮ ರುಚಿ ನೋಡಿದ್ರೆ 1970ರ ಮೂರನೆಯದು ಕೇಳಿ, ಅದರಲ್ಲಿ ಅಕೂಸ್ಟಿಕ್ ಹಾಡುಗಳು ಬೇಕಾದಷ್ಟಿವೆ. ಆಮೇಲೆ ಮನಸ್ಸಾದ್ರೆ ಹಿಂದೆ ಬನ್ನಿ. ಆಗದಿದ್ರೆ ಬಿಡಿ.

ಕೆಳಸ್ಥಾಯಿ

ಮೂರನೆಯದಕ್ಕೆ ಹೋಗಬಹುದು, ತೊಂದರೆ ಇಲ್ಲ. ಆದರೆ ಎರಡು ಕಿವಿಯಲ್ಲಿ, ದಯವಿಟ್ಟು.

ಮೊದಲನೆಯದೇ ಸಾಕು

ಎರಡು ವಾರ ಬಿಟ್ಟು ಬರೀತಿದ್ದೇನೆ, ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳಿಬಿಡ್ತೀನಿ.

ಮೊದಲು ಬ್ಲೂಸ್ ಮೇಡಂ ಹೇಳಿದ ಮೂರು ಹಾಡು ಕೇಳಿದೆ. ‘ಕಿಲ್ಲಿಂಗ್ ಫ್ಲೋರ್’ ಕೇಳಿ ಅಲ್ಲೇ ಸಿಕ್ಕಿಹಾಕಿಕೊಂಡೆ, ಮೂರು ದಿನ ಜೆಪ್ಲಿನ್ ಕಡೆ ಬರಲೇ ಇಲ್ಲ. ಆಮೇಲೆ ಗೆಳೆಯನ ಹತ್ತಿರ ಒಂದು ಜೋಡಿ ಹಳೇ ಸ್ಪೀಕರ್ ಎರವಲು ತಂದು, ನೆಲದ ಮೇಲೆ ನಡುವೆ ಕೂತು ಮೊದಲಿನಿಂದ ಹಾಕಿದೆ. ಜೊತೆಗೆ ಯಾರೂ ಇರಲಿಲ್ಲ, ಹಾಗಾಗಿ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು.

ಮೊದಲ ಹಾಡಿನ ನಡುವಿನ ಭಾಗದಲ್ಲಿ ತಾಳತಪ್ಪಿ ಸರ್ ಹೇಳಿದ ಹಾಗೆ ಸಿಂಬಲ್ ಹಿಡಿದುಕೊಂಡು ಕೂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಹೊತ್ತಲ್ಲಿ ಆ ಊಳಿಡುವ ಸದ್ದು ಎಡ ಸ್ಪೀಕರಿನಿಂದ ಎದ್ದು ನನ್ನ ಹಿಂದಿನಿಂದ ಹಾದು ಬಲಕ್ಕೆ ಹೋದ ಹಾಗನ್ನಿಸಿತು. ಹಿಂದೆ ತಿರುಗಿ ನೋಡಿದೆ, ನಾಚಿಕೆ ಇಲ್ಲದೆ ಹೇಳ್ತೀನಿ. ಅಷ್ಟರಲ್ಲಿ ಆ ಏಟು ಬಿತ್ತು. ಕಾದು ಕೂತಿದ್ದರೂ ಬೆಚ್ಚಿಬಿದ್ದೆ.

‘ರ್‍ಯಾಂಬಲ್ ಆನ್’ ಈಗ ದಿನಕ್ಕೆರಡು ಸಲ. ಬೇಸ್ ಎರಡನೇ ಗಾಯಕ ಅಂದದ್ದು ಅಕ್ಷರಶಃ ನಿಜ. ಸಾಹಿತ್ಯದಲ್ಲಿ ಮಾರ್ಡೋರ್, ಗೋಲಮ್ ಎಲ್ಲ ಬಂದದ್ದು ಕೇಳಿ ನಗು ಬಂತು, ಟೋಲ್ಕಿನ್ ಕಥೆಯೊಳಗೆ ಹುಡುಗಿಯನ್ನ ಕಳ್ಕೊಂಡು ಹುಡುಕ್ತಾನಲ್ಲ ಈ ಪ್ಲಾಂಟ್! ‘ಥ್ಯಾಂಕ್ ಯೂ’ ಕೊನೆಯ ಮೌನದಲ್ಲಿ ಅಲುಗಾಡದೆ ಕೂತಿದ್ದೆ, ಟೇಪಣ್ಣ ಮೊದಲೇ ಹೇಳಿಬಿಟ್ಟಿದ್ದರಿಂದ ಬೆಚ್ಚಲಿಲ್ಲ, ಅದೊಂದೇ ಬೇಜಾರು. ‘ಮೋಬಿ ಡಿಕ್’ ಮಾತಿನಂತೆ ಒಂದ ಸಲ ಕೇಳಿದೆ, ಅಂಗೈ ಚರ್ಮಕ್ಕೆ ಬೀಳೋದು ಗೊತ್ತಾಯ್ತು, ಇನ್ನು ಹಾರಿಸ್ತೀನಿ. ‘ದಿ ಲೆಮನ್ ಸಾಂಗ್’ ಮಾತ್ರ ವುಲ್ಫ್ ಕೇಳಿದ ಮೇಲೆ ಸಪ್ಪೆ ಅನ್ನಿಸಿತು, ಕೆಳಸ್ಥಾಯಿಯವರು ಕ್ಷಮಿಸಬೇಕು.

ಮೊದಲ ಆಲ್ಬಂ ನನ್ನ ಮಟ್ಟಿಗೆ ಇವತ್ತೂ ಮೇಲೇ. ಅದು ಒಂದು ರಾತ್ರಿಯ ಕಥೆ ಹೇಳಿದ ಹಾಗಿದೆ. ಇದು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ, ಒಂದು ಊರು ಮುಗಿಯೋದ್ರೊಳಗೆ ಇನ್ನೊಂದು. ಆದರೆ ಇನ್ನು ‘ಹತ್ತಲಿಲ್ಲ’ ಅಂತ ಹೇಳಲಾರೆ.

ಕೊನೇ ಒಂದು ಸಂಶಯ. ಮೊದಲ ಹಾಡಿನ ಕೊನೆ ಕಡೆ ಎಲ್ಲರೂ ನಿಂತು ಪ್ಲಾಂಟ್ ಒಬ್ಬನೇ ಕೂಗುವ ಜಾಗ ಇದೆಯಲ್ಲ, ಅಲ್ಲಿ ಅವನು ಕೂಗೋದಕ್ಕೆ ಮುಂಚೆಯೇ ಅದೇ ಕೂಗು ದೂರದಲ್ಲೆಲ್ಲೋ ಮೆಲ್ಲಗೆ ಕೇಳಿಸ್ತದೆ. ಬಾವಿಯೊಳಗಿಂದ ಬಂದ ಹಾಗೆ. ಎರಡು ಸಲ ಹಿಂದೆ ಓಡಿಸಿ ಕೇಳಿದೆ, ಇದೆ. ಎರವಲು ಸ್ಪೀಕರ್ ಬೇರೆ, ನಾನೇನಾದ್ರೂ ಕೆಡಿಸಿದ್ನಾ ಅಂತ ಭಯ.

ಹಳೇ ಟೇಪು

ಕೆಡಿಸಿಲ್ಲ. ಅದು 1969ರಿಂದಲೂ ಅಲ್ಲೇ ಇದೆ. ಪ್ಲಾಂಟ್ ಮೊದಲು ಹಾಡಿದ್ದ ಇನ್ನೊಂದು ಕೂಗು ಟೇಪಿನಲ್ಲಿ ಉಳಿದುಕೊಂಡು, ಮಿಕ್ಸ್ ಮಾಡುವಾಗ ಸೋರಿ ಬರ್ತಿತ್ತು. ಕ್ರೇಮರ್ ಏನು ಮಾಡಿದರೂ ಹೋಗಲಿಲ್ಲ, ಮತ್ತೆ ಹಾಡಿಸೋಕೆ ಹೊತ್ತಿಲ್ಲ. ಹೋಗದಿದ್ರೆ ಹಾಳಾಗಿ ಹೋಗ್ಲಿ ಅಂತ ಅದರ ಮೇಲೆ ಒಂದಿಷ್ಟು ಪ್ರತಿಧ್ವನಿ ಸುರಿದ. ಪಕ್ಕದಲ್ಲಿದ್ದ ಪೇಜ್‌ಗೆ ಅದು ಹಿಡಿಸಿಬಿಟ್ಟಿತು, ಹಾಗೇ ಬಿಟ್ಟರು.

ಒಂದು ಕಿವಿಯಲ್ಲಿ, ಆಫೀಸಿನಲ್ಲಿ ಕೂತು ನಾಲ್ಕು ಸಲ ಕೇಳಿದಾಗ ಅದು ಕೇಳಿಸಿರಲಿಲ್ಲ ಅಲ್ವಾ? ಸ್ಪೀಕರ್ ಇನ್ನೊಂದು ವಾರ ಇಟ್ಕೋ, ಗೆಳೆಯನಿಗೆ ನಾನು ಬೇಕಾದ್ರೆ ಹೇಳ್ತೀನಿ.